ಸ್ಯಾನ್ ಆಂಡ್ರೆಸ್ ಪುರಸಭೆಯ ಹುಟ್ಟು ಮತ್ತು ಅದರ ಬೊಕ್ಕಸ

1959ರ ಮೇ 24ರಂದು ಫಿಲಿಪ್ಪೀನ್ಸಿನ ಕೇಸೊನ್ ಪ್ರಾಂತ್ಯದ ಸ್ಯಾನ್ ನಾರ್ಸಿಸೊ ಪುರಸಭೆ ಒಂದು ಠರಾವು ಮಾಡಿತು. ತನ್ನ ಸರಹದ್ದಿನ ಕೆಲವು ಹಳ್ಳಿಗಳನ್ನು ಬೇರೆ ಮಾಡಿಕೊಡಬೇಕೆಂಬುದು ಅದರ ಕೋರಿಕೆ. ಆಗಸ್ಟ್ 20ರಂದು ಅಧ್ಯಕ್ಷ ಕಾರ್ಲೋಸ್ ಗಾರ್ಸಿಯಾ 353ನೆಯ ಕಾರ್ಯಾದೇಶ ಹೊರಡಿಸಿದರು. ಸ್ಯಾನ್ ಆಂಡ್ರೆಸ್, ಮಂಗೇರೊ, ಅಲಿಬಿಹಾಬನ್, ಪನ್ಸೊಯ್, ಕ್ಯಾಮ್‌ಫ್ಲೋರಾ, ತಾಲಾ ಎಂಬ ಆರು ಹಳ್ಳಿಗಳು ಸೇರಿ ಸ್ಯಾನ್ ಆಂಡ್ರೆಸ್ ಎಂಬ ಹೊಸ ಘಟಕವಾಯಿತು. ಮೂವತ್ತು ವರ್ಷ ಕಳೆದ ಮೇಲೆ, 1989ರ ಜೂನ್‌ನಲ್ಲಿ, ಆ ಆದೇಶವೇ ಅಸಿಂಧುವೆಂದು ಕೋರ್ಟಿಗೆ ಹೋದದ್ದೂ ಸ್ಯಾನ್ ನಾರ್ಸಿಸೊ ಪುರಸಭೆಯೇ.

ದಾವೆಗೆ ಕಾನೂನಿನ ಆಧಾರವಿತ್ತು. 1964ರಲ್ಲಿ ಅಧ್ಯಕ್ಷ ದಿಯೊಸ್ದಾದೊ ಮಕಪಗಾಲ್ ಬರಿಯ ಆದೇಶಗಳಿಂದ 33 ಪುರಸಭೆಗಳನ್ನು ಸೃಷ್ಟಿಸಿದ್ದರು. ಉಪಾಧ್ಯಕ್ಷ ಇಮ್ಯಾನುಯೆಲ್ ಪೆಲಾಯೆಸ್ ಅದನ್ನು ಪ್ರಶ್ನಿಸಿದರು. 1965ರಲ್ಲಿ ಸುಪ್ರೀಂ ಕೋರ್ಟ್ ಆ ಆದೇಶಗಳನ್ನು ರದ್ದುಪಡಿಸಿತು. ಒಂದು ಹಳ್ಳಿಯನ್ನು ಸೃಷ್ಟಿಸುವ ಅಧಿಕಾರವೇ ಅಧ್ಯಕ್ಷರಿಗೆ ಇಲ್ಲದಿರುವಾಗ ಹಲವು ಹಳ್ಳಿಗಳ ಪುರಸಭೆಯನ್ನು ಸೃಷ್ಟಿಸುವ ಅಧಿಕಾರ ಎಲ್ಲಿಂದ ಬಂತು ಎಂಬುದು ಅದರ ತರ್ಕ. ಅದೇ ತರ್ಕ ಹಿಡಿದರೆ ಸ್ಯಾನ್ ಆಂಡ್ರೆಸ್ ಕೂಡ ಉಳಿಯಬಾರದಿತ್ತು. ಆದರೂ 1994ರ ಡಿಸೆಂಬರ್‌ನಲ್ಲಿ ಅದೇ ಕೋರ್ಟ್ ಅದನ್ನು ಉಳಿಸಿತು. ಮೂರು ದಶಕ ಆಡಳಿತ ನಡೆದಿದೆ, 1987ರ ಸಂವಿಧಾನಕ್ಕೆ ಲಗತ್ತಾದ ಕ್ಷೇತ್ರಪಟ್ಟಿಯಲ್ಲಿ ಹೆಸರಿದೆ, ಆದೇಶದಿಂದ ಹುಟ್ಟಿದ್ದರೂ ಚುನಾಯಿತ ಆಡಳಿತವಿರುವ ಪುರಸಭೆಗಳನ್ನು 1991ರ ಸ್ಥಳೀಯ ಸರ್ಕಾರ ಸಂಹಿತೆ ಮಾನ್ಯ ಮಾಡಿದೆ. ಇವು ಕೋರ್ಟ್ ಕೊಟ್ಟ ಕಾರಣಗಳು. ತೀರ್ಪು ಸರಿಯೆಂದೇ ನನ್ನ ಅಭಿಪ್ರಾಯ. ಆದರೆ ಆ ಪುರಸಭೆ ಯಾವ ದುಡ್ಡಿನಿಂದ ಬದುಕಬೇಕು ಎಂಬ ಪ್ರಶ್ನೆಗೆ ಅಲ್ಲಿ ಉತ್ತರ ಸಿಗದು.

ಸ್ಯಾನ್ ಆಂಡ್ರೆಸ್ ಇರುವುದು ಬೊಂಡೊಕ್ ಪರ್ಯಾಯ ದ್ವೀಪದಲ್ಲಿ, ರಗಾಯ್ ಕೊಲ್ಲಿಯ ದಡದಲ್ಲಿ. ಈ ಸೀಮೆಯ ಜೀವನಾಧಾರ ತೆಂಗು, ಜೊತೆಗೆ ಮೀನು. ನಮ್ಮ ತಿಪಟೂರಿನ ಉಂಡೆ ಕೊಬ್ಬರಿಯಂತೆ ಕಾಯಿಗಳನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಇಡುವ ಪದ್ಧತಿ ಅಲ್ಲಿಲ್ಲ. ಕಾಯಿ ಒಡೆದು, ಬಿಸಿಲಲ್ಲಿ ಇಲ್ಲವೇ ಹೊಗೆಗೂಡಿನ ಮೇಲೆ ಒಣಗಿಸಿ, ಎಣ್ಣೆ ಗಿರಣಿಗೆ ಸಾಗಿಸುತ್ತಾರೆ. ದೊಡ್ಡ ಹಿಡುವಳಿಗಳ ನಾಡಿದು. ಕೊಬ್ಬರಿ ಮಾರಿ ಬಂದ ಹಣದಲ್ಲಿ ಒಡೆಯನಿಗೆ ದೊಡ್ಡ ಪಾಲು, ಗೇಣಿದಾರನಿಗೆ ಸಣ್ಣದು.

ಈ ವಹಿವಾಟಿನಿಂದ ಪುರಸಭೆಯ ಬೊಕ್ಕಸಕ್ಕೆ ಬರುವುದು ಅಲ್ಪ. ಸಣ್ಣ ರೈತರೂ ಮೀನುಗಾರರೂ ತಾವೇ ಮಾರುವ ಬೆಳೆ ಮತ್ತು ಮೀನಿನ ಮೇಲೆ ಸ್ಥಳೀಯ ತೆರಿಗೆ ಹಾಕುವುದನ್ನು ಸಂಹಿತೆ ನಿಷೇಧಿಸಿದೆ. ಬಡವರ ಪರವಾದ ಈ ನಿಷೇಧ ಇರಲೇಬೇಕು. ಉಳಿಯುವುದು ವರ್ತಕರ ಮೇಲಿನ ತೆರಿಗೆ, ಸಂತೆಮಳಿಗೆಗಳ ಬಾಡಿಗೆ, ಪರವಾನಗಿ ಶುಲ್ಕ, ಆಸ್ತಿ ತೆರಿಗೆಯಲ್ಲಿ ನೂರಕ್ಕೆ 40ರ ಪಾಲು. ಕೃಷಿ ಭೂಮಿಯ ತೆರಿಗೆಯನ್ನಾದರೋ ಮಾರುಕಟ್ಟೆ ಮೌಲ್ಯದ ಹೆಚ್ಚೆಂದರೆ ಶೇ. 40ರ ಮೇಲಷ್ಟೇ ಲೆಕ್ಕ ಹಾಕಬಹುದು. ಆದ್ದರಿಂದಲೇ ಇಂಥ ಪುರಸಭೆಗಳ ಖರ್ಚಿನ ಬಹುಭಾಗ ನಡೆಯುವುದು ಕೇಂದ್ರದ ತೆರಿಗೆ ಪಾಲಿನಿಂದ. ಸ್ಥಳೀಯ ಸರ್ಕಾರಗಳಿಗೆ ಹಂಚುವ ಮೊತ್ತದಲ್ಲಿ ಪುರಸಭೆಗಳಿಗೆ ಶೇ. 34. ಅದರಲ್ಲಿ ಅರ್ಧ ಜನಸಂಖ್ಯೆಗೆ, ಕಾಲು ಭಾಗ ವಿಸ್ತೀರ್ಣಕ್ಕೆ, ಇನ್ನೊಂದು ಕಾಲು ಭಾಗ ಎಲ್ಲರಿಗೂ ಸಮಪಾಲು. ಒಂದು ಪುರಸಭೆ ಎರಡಾದರೆ ಜನರೂ ನೆಲವೂ ಹೆಚ್ಚುವುದಿಲ್ಲ. ಸಮಪಾಲು ಮಾತ್ರ ಎರಡಾಗುತ್ತದೆ. 1959ರಲ್ಲಿ ಈ ಸೂತ್ರ ಇರಲಿಲ್ಲ, ಹಾಗಾಗಿ ಸ್ಯಾನ್ ಆಂಡ್ರೆಸ್ಸಿನ ಹುಟ್ಟಿಗೆ ಇದು ಕಾರಣವಲ್ಲ. ಆದರೆ 1991ರ ನಂತರದ ವಿಭಜನೆಗಳನ್ನು ಅಧ್ಯಯನ ಮಾಡುವವರು ಮೊದಲು ನೋಡಬೇಕಾದದ್ದು ಇದನ್ನೇ.

ಈಗ ಹೊಸ ಪುರಸಭೆಗೆ ಸಂಸತ್ತಿನ ಕಾಯ್ದೆಯೂ ಜನಮತವೂ ಬೇಕು. 25,000 ಜನ, 50 ಚದರ ಕಿಲೋಮೀಟರ್ ನೆಲ, 1991ರ ಬೆಲೆಯಲ್ಲಿ ವರ್ಷಕ್ಕೆ 25 ಲಕ್ಷ ಪೆಸೊ ಆದಾಯ ಇರಬೇಕು. ಆದಾಯದ ಷರತ್ತು ಊರಿನ ಸ್ವಂತ ಶಕ್ತಿಯನ್ನು ಅಳೆಯುವಂತೆ ತೋರುತ್ತದೆ. ಆದರೆ ಇಸಾಬೆಲಾ ಪ್ರಾಂತ್ಯದ ಸಾಂತಿಯಾಗೊ ನಗರದ ಪ್ರಕರಣದಲ್ಲಿ, 1996ರಲ್ಲಿ, ಕೇಂದ್ರದ ಪಾಲೂ ಆದಾಯವೇ ಎಂದು ಸುಪ್ರೀಂ ಕೋರ್ಟ್ ಹೇಳಿತು. 2001ರಲ್ಲಿ ಸಂಸತ್ತು ಕಾನೂನು ತಿದ್ದಿ, ನಗರವಾಗಲು ಸ್ಥಳೀಯವಾಗಿಯೇ ಗಳಿಸಿದ 10 ಕೋಟಿ ಪೆಸೊ ಬೇಕೆಂದು ವಿಧಿಸಿತು. ಆ ತಿದ್ದುಪಡಿ ನಗರಗಳ ಕಲಮಿಗೆ ಸೀಮಿತವಾಯಿತು. ಪುರಸಭೆಗಳ ಕಲಮನ್ನು ಮುಟ್ಟಲಿಲ್ಲ.