ಮೋಡಿಯಿಂದ ನುಡಿಗೆ: ಸಂಕೇಶ್ವರದ ಕಂಪ್ಯೂಟರಿನಲ್ಲಿ ಉತಾರ ತೆರೆದ ಕಥೆ

ಸಂಕೇಶ್ವರದ ಸುತ್ತಮುತ್ತ ಹೊಲದ ದಾಖಲೆಗೆ ಈಗಲೂ ಉತಾರ ಅಂತಲೇ ಹೆಸರು. ಬೆಂಗಳೂರಿನ ಕಡೆ ಅದು ಪಹಣಿ, ಕಚೇರಿಯ ಬಾಯಲ್ಲಿ ಆರ್‌ಟಿಸಿ. 1956ರ ನವೆಂಬರ್ 1ರವರೆಗೆ ಬೆಳಗಾವಿ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು. ಅಲ್ಲಿನ ಗ್ರಾಮ ನಮೂನೆ 7 ಮತ್ತು 12 ಸೇರಿದ ಕಾಗದವೇ ‘ಸಾತ್ ಬಾರಾ ಉತಾರಾ’. ಗಡಿಯಾಚೆಯ ಗಡಹಿಂಗ್ಲಜದಲ್ಲಿ ಇವತ್ತಿಗೂ ಅದೇ ನಡೆದಿದೆ. ನಮ್ಮಲ್ಲಿ ನಮೂನೆ 16 ಬಂತು, ಹೆಸರು ಮಾತ್ರ ಹೋಗಲಿಲ್ಲ. ಗ್ರಾಮ ಲೆಕ್ಕಿಗರನ್ನು ನಮ್ಮ ಹಿರಿಯರು ತಲಾಠಿ ಎಂದೇ ಕರೆಯುವುದೂ ಅದೇ ಕಾಲದ ಉಳಿಕೆ.

ಇನ್ನೂ ಹಳೆಯ ಕಾಗದಗಳನ್ನು ಕೆಲವು ಮನೆಗಳ ಟ್ರಂಕಿನಲ್ಲಿ ನಾವು ನೋಡಿದ್ದೇವೆ. ಅವು ಮೋಡಿ ಲಿಪಿಯವು. ಮನೆಯವರಿಗೆ ಅದರ ಒಂದು ಅಕ್ಷರವೂ ತಿಳಿಯದು, ಬಿಸಾಡಲೂ ಮನಸ್ಸಿಲ್ಲ. ವಾಟ್ನಿ ತಕರಾರು ಎದ್ದಾಗ ಮೋಡಿ ಬಲ್ಲವರನ್ನು ಹುಡುಕಿಕೊಂಡು ಹೋಗಬೇಕು. ಕಾಗದ ಕೈಯಲ್ಲಿದ್ದೂ ಓದಲಾಗದ ಈ ಫಜೀತಿ ಕಂಪ್ಯೂಟರಿನ ಕಾಲದಲ್ಲಿ ಇನ್ನೊಂದು ರೂಪದಲ್ಲಿ ಬಂತು. ನಾವು ಹೇಳಹೊರಟಿರುವುದು ಅದನ್ನೇ.

ಉತಾರ ಕಂಪ್ಯೂಟರಿಗೆ ಏರಿದ್ದು ‘ಭೂಮಿ’ ಯೋಜನೆಯಲ್ಲಿ, 2000ದ ಆಸುಪಾಸಿನಲ್ಲಿ. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅದರ ಮುಂದಾಳು. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಗಣಕಕ್ಕೆ ಏರಿದವು. 177 ತಾಲ್ಲೂಕುಗಳಲ್ಲಿ ಕೇಂದ್ರಗಳು ತೆರೆದವು, ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. 15 ರೂಪಾಯಿ ಕೊಟ್ಟರೆ ಕಿಟಕಿಯಿಂದ ಮುದ್ರಿತ ಪ್ರತಿ ಬರುತ್ತಿತ್ತು. ಸಂಕೇಶ್ವರದವರು ಅದಕ್ಕಾಗಿ ಹುಕ್ಕೇರಿಗೆ ಹೋಗಿ ಪಾಳಿ ಹಚ್ಚಬೇಕಿತ್ತು. ಆಗ ರೈತನಿಗೆ ಬೇಕಾಗಿದ್ದು ಮುದ್ರಿತ ಪ್ರತಿ. ಅದೇ ದಾಖಲೆಯನ್ನು ಊರಿನ ಕಂಪ್ಯೂಟರಿನಲ್ಲಿ ಇಳಿಸಿಕೊಂಡು ನೋಡುವುದು ದೂರದ ಮಾತು, ಏಕೆಂದರೆ ಆ ಕಂಪ್ಯೂಟರಿಗೆ ಕನ್ನಡವೇ ಬರುತ್ತಿರಲಿಲ್ಲ.

ಬರುತ್ತಿರಲಿಲ್ಲ ಎಂದರೆ ಏನು? ಕನ್ನಡಕ್ಕೆ ಯೂನಿಕೋಡಿನಲ್ಲಿ 1991ರಲ್ಲೇ ಜಾಗ ಸಿಕ್ಕಿತ್ತು. ಆದರೆ ಜಾಗ ಸಿಕ್ಕಿದ್ದಕ್ಕೂ ಪರದೆಯ ಮೇಲೆ ಒತ್ತಕ್ಷರ ಸರಿಯಾಗಿ ಕೂರುವುದಕ್ಕೂ ಹತ್ತು ವರ್ಷಗಳ ಅಂತರ. ವಿಂಡೋಸ್ 2000 ದೇವನಾಗರಿ ಮತ್ತು ತಮಿಳನ್ನು ಬಲ್ಲದಾಗಿತ್ತು, ಕನ್ನಡವನ್ನಲ್ಲ. ಮರಾಠಿ ಮತ್ತು ಕನ್ನಡ ಎರಡೂ ನಡೆಯುವ ನಮ್ಮ ಗಡಿಯಲ್ಲಿ ಇದರ ಅರ್ಥ ಸರಳ: ಒಂದೇ ಯಂತ್ರದಲ್ಲಿ ಮರಾಠಿ ಪುಟ ತೆರೆಯಬಲ್ಲದು, ಕನ್ನಡ ಪುಟದ ಜಾಗದಲ್ಲಿ ಖಾಲಿ ಚೌಕಗಳು. 2001ರ ವಿಂಡೋಸ್ ಎಕ್ಸ್‌ಪಿ ಜೊತೆ ‘ತುಂಗಾ’ ಫಾಂಟ್ ಬಂತು. ಅದೂ ತಾನಾಗಿ ನಡೆಯುತ್ತಿರಲಿಲ್ಲ. ಕಂಟ್ರೋಲ್ ಪ್ಯಾನಲ್ಲಿನ ಭಾಷೆಯ ವಿಭಾಗಕ್ಕೆ ಹೋಗಿ, ಸಂಕೀರ್ಣ ಲಿಪಿಗಳ ಫೈಲುಗಳನ್ನು ಹಾಕು ಎಂಬಲ್ಲಿ ಟಿಕ್ ಮಾಡಬೇಕು. ಮಾಡಿದ ಕೂಡಲೇ ಯಂತ್ರ ವಿಂಡೋಸಿನ ಸಿಡಿ ಕೇಳುತ್ತಿತ್ತು. ನೆಟ್ ಸೆಂಟರುಗಳಲ್ಲಿ ಎಲ್ಲವೂ ಇರುತ್ತಿತ್ತು, ಆ ಸಿಡಿಯೊಂದನ್ನು ಬಿಟ್ಟು. ಈ ಕಟ್ಟಳೆ ತಪ್ಪಿದ್ದು 2007ರ ವಿಸ್ತಾದಿಂದ.

ಈ ಖಾಲಿ ಜಾಗವನ್ನು ತುಂಬಿದವರು ನಮ್ಮವರೇ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸವೇ ಮುಂದೆ ಸರ್ಕಾರಿ ಕನ್ನಡದ ಕೀಲಿಮಣೆಯಾಯಿತು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು. ಕನ್ನಡ ಗಣಕ ಪರಿಷತ್ತು ‘ನುಡಿ’ ಕೊಟ್ಟಿತು. ಡಿಟಿಪಿ ಅಂಗಡಿಗಳಲ್ಲಿ ಪುಣೆಯ ಕಂಪನಿಯ ‘ಶ್ರೀಲಿಪಿ’ ಇತ್ತು. ಇವರಿಲ್ಲದಿದ್ದರೆ ಲಗ್ನಪತ್ರಿಕೆಯಿಂದ ಕೋರ್ಟಿನ ಅರ್ಜಿಯವರೆಗೆ ಯಾವುದೂ ಕನ್ನಡದಲ್ಲಿ ಟೈಪ್ ಆಗುತ್ತಿರಲಿಲ್ಲ. ಆ ಋಣ ದೊಡ್ಡದು.

ಆದರೆ ಆ ಕಾಲದ ಫಾಂಟುಗಳು ಮಾಡಿದ್ದು ಒಂದು ಉಪಾಯ ಮಾತ್ರ. ಯಂತ್ರದೊಳಗೆ ಕೂತಿದ್ದು ರೋಮನ್ ಅಕ್ಷರ, ಅದರ ಮೇಲೆ ಕನ್ನಡದ ವೇಷ. ‘ಕನ್ನಡ’ ಎಂದು ನುಡಿಯಲ್ಲಿ ಟೈಪಿಸಿ ಫಾಂಟ್ ತೆಗೆದುಬಿಟ್ಟರೆ ಉಳಿಯುವುದು ಇಷ್ಟು: ಒಂದು ಪಿ, ನೆತ್ತಿಯ ಮೇಲೆ ಗೆರೆ ಹೊತ್ತ ಎ, ಪೌಂಡಿನ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ ಭಾಷೆಯ ಒಂದು ಅಕ್ಷರ, ಒಂದು ಕ್ಯೂ, ಮತ್ತೆ ಎ. ಆ ಫಾಂಟ್ ಇಲ್ಲದ ಕಂಪ್ಯೂಟರಿಗೆ ಅದು ಕನ್ನಡವೆಂದು ತಿಳಿಯುವ ದಾರಿಯೇ ಇಲ್ಲ. ಅದಕ್ಕೇ ಇಲಾಖೆಗಳ ವೆಬ್‌ಸೈಟುಗಳಲ್ಲಿ ‘ಫಾಂಟ್ ಇಳಿಸಿಕೊಳ್ಳಿ’ ಎಂಬ ಕೊಂಡಿ, ಅದರ ಕೆಳಗೆ ‘ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ನೋಡಿದರೆ ಉತ್ತಮ’ ಎಂಬ ಸೂಚನೆ ಇರುತ್ತಿದ್ದವು.

ಪಿಡಿಎಫ್ ಬಂದ ಮೇಲೆ ಅರ್ಧ ತೊಂದರೆ ನೀಗಿತು. ಅಡೋಬಿ ಕಂಪನಿ 1993ರಲ್ಲಿ ತಂದ ಈ ಬಗೆಯ ಫೈಲು ತನ್ನ ಫಾಂಟನ್ನು ತಾನೇ ಹೊತ್ತುಕೊಂಡು ಬರಬಲ್ಲದು. ಕಣ್ಣಿಗೆ ಕನ್ನಡ ಸರಿಯಾಗಿ ಕಾಣುತ್ತದೆ. ಅದನ್ನು ಬ್ರೌಸರಿನಲ್ಲೇ ತೆರೆಯಲು ಮೊದಲು ಅಡೋಬಿ ರೀಡರ್ ಬೇಕಿತ್ತು, ಅದರೊಳಗೆ ‘ಬ್ರೌಸರಿನಲ್ಲಿ ತೋರಿಸು’ ಎಂಬುದಕ್ಕೆ ಟಿಕ್ ಬೇಕಿತ್ತು. 2010ರ ಕೊನೆಗೆ ಕ್ರೋಮ್, 2013ರಲ್ಲಿ ಫೈರ್‌ಫಾಕ್ಸ್ ಪಿಡಿಎಫ್ ತೋರಿಸುವ ಕೆಲಸವನ್ನು ತಾವೇ ವಹಿಸಿಕೊಂಡವು. ಇಳಿಸಿದ ಫೈಲನ್ನು ಎಳೆದು ಬ್ರೌಸರಿನ ಕಿಟಕಿಗೆ ಹಾಕಿದರೆ ಮುಗಿಯಿತು. ಹಳ್ಳಿಯ ಕಂಪ್ಯೂಟರಿಗೆ ಇದು ಸಣ್ಣ ಸಂಗತಿಯಲ್ಲ: ಬೇರೆ ಸಾಫ್ಟ್‌ವೇರ್ ಬೇಡ, ಇಂಟರ್ನೆಟ್ ಹೋದರೂ ಕಾಗದ ಕಾಣುತ್ತದೆ.

ಉಳಿದ ಅರ್ಧ ತೊಂದರೆ ಹುಡುಕಾಟದ್ದು. ನುಡಿಯಲ್ಲಿ ಟೈಪಿಸಿ ಮಾಡಿದ ಪಿಡಿಎಫ್‌ನಲ್ಲಿ ‘ಹಿರಣ್ಯಕೇಶಿ’ ಎಂದು ಹುಡುಕಿದರೆ ಒಂದೂ ಸಿಗುವುದಿಲ್ಲ, ಹತ್ತು ಕಡೆ ಇದ್ದರೂ. ಕಾಪಿ ಮಾಡಿದರೆ ಅದೇ ಪಿ, ಎ, ಪೌಂಡು. ಸುದ್ದಿ ಬರೆಯುವ ನಮ್ಮಂಥವರಿಗೆ ಇದು ಹೊಟ್ಟೆಪಾಡಿನ ವಿಷಯ. ನಾವು ಡಿಪ್ಲೊಮಾ ಮುಗಿಸಿ ಸುದ್ದಿ ಕಳಿಸಲು ಶುರುಮಾಡಿದಾಗ ಡೆಸ್ಕುಗಳು ಕೇಳುತ್ತಿದ್ದುದು ನುಡಿ ಫೈಲನ್ನೇ. ಆ ವರ್ಷಗಳ ವರದಿ, ಪಂಚಾಯಿತಿ ಠರಾವು, ಸಂಘಗಳ ವಾರ್ಷಿಕ ವರದಿ, ಕಬ್ಬಿನ ಬಾಕಿಯ ಮನವಿಪತ್ರ ಎಲ್ಲವೂ ಆ ವೇಷದಲ್ಲೇ ಕೂತಿವೆ. 2019ರ ಆಗಸ್ಟಿನಲ್ಲಿ ಹಿರಣ್ಯಕೇಶಿ ಉಕ್ಕಿ ಊರೊಳಗೆ ಬಂದಾಗ ಟ್ರಂಕಿನ ಕಾಗದಗಳು ನೆಂದವು. ಉತಾರ ಮತ್ತೆ ತೆಗೆಸಬಹುದು, ಅದು ಸರ್ಕಾರದ ಸರ್ವರಿನಲ್ಲಿದೆ. ಸಣ್ಣ ಸಂಘದ ಠರಾವಿಗೆ ಯಾವ ಸರ್ವರೂ ಇಲ್ಲ, ಯಾರದೋ ಪೆನ್ ಡ್ರೈವಿನ ನುಡಿ ಫೈಲೇ ಅದರ ಕೊನೆಯ ಪ್ರತಿ.

ಹಾಗಾಗಿ ಈಗ ಕಂಪ್ಯೂಟರ್ ಅಣಿಗೊಳಿಸುವಾಗ ನಾವು ಎರಡು ಕಾಲಕ್ಕೂ ಸಿದ್ಧವಾಗಿರುತ್ತೇವೆ. ಹೊಸ ದಾಖಲೆಗಳಿಗೆ ಕ್ರೋಮ್ ಇಲ್ಲವೇ ಫೈರ್‌ಫಾಕ್ಸ್ ಒಂದೇ ಸಾಕು. ಸರ್ಕಾರಿ ತಾಣಗಳು ಕಾಗದವನ್ನು ಬೇರೆ ಕಿಟಕಿಯಲ್ಲಿ ತೆರೆದರೆ ಪಾಪ್-ಅಪ್ ತಡೆಯನ್ನು ಆ ತಾಣಕ್ಕಷ್ಟೇ ಸಡಿಲಿಸುತ್ತೇವೆ. ಹಳೆಯವಕ್ಕೆ ಮೊದಲು ‘ನುಡಿ 01 ಇ’ ಫಾಂಟ್ ಹಾಕಿ, ಫೈಲು ತೆರೆದು, ಇದ್ದ ಹಾಗೆಯೇ ಪಿಡಿಎಫ್ ಮಾಡಿಟ್ಟುಕೊಳ್ಳುತ್ತೇವೆ. ಅದು ನೋಡುವ ಪ್ರತಿ. ಆಮೇಲೆ ಪಠ್ಯವನ್ನು ಪರಿವರ್ತಕಕ್ಕೆ ಹಾಕಿ ಯೂನಿಕೋಡ್ ಮಾಡುತ್ತೇವೆ. ಅದು ಹುಡುಕುವ ಪ್ರತಿ. ನುಡಿ ಮತ್ತು ಬರಹದ ಹಳೆಯ ಫಾಂಟುಗಳ ಸಂಕೇತ ಒಂದೇ ಆದ್ದರಿಂದ ಒಂದೇ ಪರಿವರ್ತಕ ಎರಡಕ್ಕೂ ನಡೆಯುತ್ತದೆ. ಶ್ರೀಲಿಪಿಗೆ ಬೇರೆಯದೇ ಬೇಕು. ಅರ್ಕಾವತ್ತು ಇರುವಲ್ಲಿ ಆಗಾಗ ಎಡವುತ್ತದೆ, ಹೆಸರು ಮತ್ತು ಸರ್ವೆ ನಂಬರುಗಳನ್ನು ಕಣ್ಣಿಂದಲೇ ತಾಳೆ ನೋಡಬೇಕು. ಪೇಜ್‌ಮೇಕರಿನಲ್ಲಿ ಕಟ್ಟಿದ ಪುಟಗಳನ್ನು ಯಾವ ಬ್ರೌಸರೂ ತೆರೆಯುವುದಿಲ್ಲ. ಅವಕ್ಕೆ ಆ ಹಳೆಯ ಸಾಫ್ಟ್‌ವೇರ್ ಇನ್ನೂ ಉಳಿಸಿಕೊಂಡಿರುವ ಡಿಟಿಪಿ ಅಂಗಡಿ ಹುಡುಕಬೇಕು, ಮೋಡಿ ಓದುವವರನ್ನು ಹುಡುಕಿದಂತೆ.

ಅಂದಹಾಗೆ ಮೋಡಿ ಲಿಪಿಗೂ 2014ರಲ್ಲಿ ಯೂನಿಕೋಡಿನಲ್ಲಿ ಸ್ವಂತ ಜಾಗ ಸಿಕ್ಕಿತು. ಸರಿಯಾದ ಫಾಂಟ್ ಇದ್ದರೆ ಬ್ರೌಸರಿನಲ್ಲಿ ಅದು ಈಗ ಕಾಣುತ್ತದೆ.