ಶೋಧಪುಟದಲ್ಲಿ ಉಳ್ಳಾಲದ ರಾಣಿ: ಚಿತ್ರ, ಪಠ್ಯ ಮತ್ತು ಕಾಲಕ್ರಮ

ತುಳುನಾಡಿನ ಇತಿಹಾಸದ ಆಕರಗಳನ್ನು ಕುರಿತು ಚರ್ಚಿಸುವಾಗ ಶಾಸನ, ಕಡತ, ಪ್ರವಾಸಕಥನ, ಪಾಡ್ದನ ಮೊದಲಾದವನ್ನು ಎಣಿಸುವುದು ವಾಡಿಕೆ. ಇವಕ್ಕೆಲ್ಲ ಈಗ ಬಾಗಿಲಾಗಿ ನಿಂತಿರುವುದು ಶೋಧಯಂತ್ರದ ಫಲಿತಾಂಶಪುಟ. ಅದನ್ನು ಆಕರವೆಂದು ಯಾರೂ ಕರೆಯುವುದಿಲ್ಲ. ಆದರೂ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಕಾಲೇಜುಗಳಲ್ಲಿ ಪ್ರಬಂಧ ಬರೆಯಹೊರಟ ವಿದ್ಯಾರ್ಥಿ ಮೊದಲು ಕಾಣುವುದು ಅದನ್ನೇ; ಎಷ್ಟೋ ವೇಳೆ ಅಲ್ಲಿಗೇ ನಿಲ್ಲುವುದೂ ಉಂಟು. ಆ ಪುಟದಲ್ಲಿ ಚಿತ್ರ, ವೀಡಿಯೊ, ನಕಾಶೆ, ಸುದ್ದಿ, ಪಠ್ಯಗಳು ಒಂದರ ಪಕ್ಕದಲ್ಲೊಂದು ಕುಳಿತಾಗ ಇತಿಹಾಸದ ವ್ಯಕ್ತಿಯೊಬ್ಬರ ಗತಿ ಏನಾಗುತ್ತದೆಂಬುದನ್ನು ಚೌಟರ ಅಬ್ಬಕ್ಕದೇವಿಯ ನಿದರ್ಶನದಿಂದ ಇಲ್ಲಿ ಪರಿಶೀಲಿಸಿದ್ದೇವೆ.

ಈ ಮಿಶ್ರಪುಟ ಬಹು ಹಳೆಯದೇನೂ ಅಲ್ಲ. ಗೂಗಲ್ 2001ರಲ್ಲಿ ಚಿತ್ರಶೋಧವನ್ನು ತೆರೆದಾಗ ಅದು ಬೇರೆಯೇ ಕೋಣೆಯಾಗಿತ್ತು. ಚಿತ್ರ ಬೇಕಾದವನು ಅಲ್ಲಿಗೆ ಹೋಗಬೇಕಾಗಿತ್ತು. 2007ರ ಮೇ ತಿಂಗಳಲ್ಲಿ ಆ ಸಂಸ್ಥೆ ‘ಯೂನಿವರ್ಸಲ್ ಸರ್ಚ್’ ಎಂಬ ಹೆಸರಿನಲ್ಲಿ ಚಿತ್ರ, ವೀಡಿಯೊ, ಸುದ್ದಿ, ನಕಾಶೆ, ಪುಸ್ತಕಗಳನ್ನು ಪಠ್ಯದೊಡನೆ ಒಂದೇ ಪಟ್ಟಿಯಲ್ಲಿ ಬೆರೆಸಿತು. 2012ರಲ್ಲಿ ವ್ಯಕ್ತಿ ಹಾಗೂ ಸ್ಥಳಗಳ ಪರಿಚಯ ನೀಡುವ ಪ್ರತ್ಯೇಕ ಚೌಕ ಪಕ್ಕದಲ್ಲಿ ಸೇರಿತು. ಚಿತ್ರವೊಂದು ಹಸ್ತಪ್ರತಿಗಿಂತ ಮೇಲೆ ನಿಲ್ಲಬೇಕೋ ಕೆಳಗೋ ಎಂಬ ತೀರ್ಮಾನದಲ್ಲಿ ಬಳಕೆದಾರರ ನಡತೆಗೂ ಪಾಲಿದೆ. ಜನ ಯಾವ ಫಲಿತಾಂಶವನ್ನು ಒತ್ತಿದರು, ಪುಟದ ಯಾವ ಭಾಗದತ್ತ ಸರಿದರು ಎಂಬ ಲೆಕ್ಕವನ್ನು ಗೂಗಲ್ ಬಳಸುತ್ತದೆಂಬ ಸಂಗತಿ 2023ರಲ್ಲಿ ಅಮೆರಿಕೆಯ ನ್ಯಾಯಾಲಯವೊಂದರ ವಿಚಾರಣೆಯಲ್ಲಿ ಹೊರಬಂದಿತು. ಈ ಲೆಕ್ಕದಲ್ಲಿ ಸಮಕಾಲೀನ ಸಾಕ್ಷ್ಯವೆಂಬುದಕ್ಕೆ ಪ್ರತ್ಯೇಕ ಗೌರವವಿಲ್ಲ.

ಪುತ್ತಿಗೆ, ಮೂಡುಬಿದಿರೆ, ಉಳ್ಳಾಲಗಳಿಂದ ಆಳಿದ ಚೌಟರು ಅಳಿಯಸಂತಾನದ ಕಟ್ಟಿಗೆ ಒಳಪಟ್ಟ ಜೈನ ಅರಸರು. ಆ ವಂಶದ ಅಬ್ಬಕ್ಕನ ಹೆಸರನ್ನು ಶೋಧಿಸಿದಾಗ ಕುದುರೆಯೇರಿದ, ಖಡ್ಗ ಹಿಡಿದ, ಒಡವೆಗಳಿಂದ ಶೋಭಿಸುವ ವೀರವನಿತೆಯ ಚಿತ್ರಗಳೂ ಪ್ರತಿಮೆಗಳೂ ಎದುರಾಗುತ್ತವೆ. ಅವುಗಳ ನಡುವೆ ಯುದ್ಧನೌಕೆಯಂತಹ ಹಡಗೊಂದು ಕಾಣಿಸಿಕೊಂಡರೆ ಆಶ್ಚರ್ಯಪಡಬೇಕಾಗಿಲ್ಲ. ಭಾರತದ ಕರಾವಳಿ ರಕ್ಷಣಾ ಪಡೆ 2012ರಲ್ಲಿ ಸೇವೆಗೆ ಸೇರಿಸಿಕೊಂಡ ‘ರಾಣಿ ಅಬ್ಬಕ್ಕ’ ಅದು. ಹಡಗನ್ನು ಯಾರೂ ರಾಣಿಯೆಂದು ಭ್ರಮಿಸಲಾರರು. ಪ್ರತಿಮೆಯ ವಿಷಯ ಹಾಗಲ್ಲ. ಆಕೆಯ ಕಾಲದಲ್ಲಿ ರಚಿತವಾದ ಪ್ರತಿಕೃತಿ ಯಾವುದೂ ಉಳಿದುಬಂದಿಲ್ಲ. ಇವೆಲ್ಲವೂ ಈಚಿನ ಕಲಾವಿದರ ಕಲ್ಪನೆಗಳು. ಕಲ್ಪಿಸುವುದು ತಪ್ಪೆಂದು ನಾವು ಹೇಳುವುದಿಲ್ಲ. ಕಲ್ಪನೆಯ ಮೇಲೆ ಅದರ ತಾರೀಖು ಕಾಣದಿರುವುದೇ ತೊಡಕು. ಅಬ್ಬಕ್ಕನೆಂಬ ರಾಣಿಯರು ಒಬ್ಬರಿಗಿಂತ ಹೆಚ್ಚು ಮಂದಿ ಆಗಿದ್ದರೆಂಬ ವಿದ್ವಾಂಸರ ಅಭಿಪ್ರಾಯವೂ ಈ ಒಂದೇ ಮುಖದ ಹಿಂದೆ ಮರೆಯಾಗುತ್ತದೆ.

ಚೌಟರ ರಾಣಿಯೊಬ್ಬಳನ್ನು ಕಣ್ಣಾರೆ ಕಂಡವನ ಬರೆಹವಾದರೋ ನಮ್ಮಲ್ಲಿದೆ. ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲ ವಲ್ಲೆ 1623ರ ಡಿಸೆಂಬರಿನಲ್ಲಿ ಉಳ್ಳಾಲದ ರಾಣಿಯನ್ನು ಭೇಟಿಯಾದನು. ಅವನು ಕಂಡದ್ದು ದರ್ಬಾರನ್ನಲ್ಲ. ಕಾಲುವೆ ಅಗೆತದ ಕೆಲಸವನ್ನು ನೋಡಲು ನಡೆದುಬಂದ ಹೆಂಗಸನ್ನು. ಸುಮಾರು ನಲವತ್ತರ ಪ್ರಾಯ, ಕಪ್ಪು ಮೈಬಣ್ಣ, ಸ್ಥೂಲವಾದರೂ ಚುರುಕಾದ ಶರೀರ, ಬರಿಗಾಲು, ಸೊಂಟಕ್ಕೆ ಒರಟು ಹತ್ತಿಬಟ್ಟೆ, ಮೇಲೆ ತಾಳೆಗರಿಯ ಕೊಡೆ. ನೋಟಕ್ಕೆ ರಾಣಿಗಿಂತ ಅಡಿಗೆಮನೆಯ ಆಳಿನಂತಿದ್ದಳೆಂದು ಬರೆಯುವಷ್ಟು ಅವನು ಒರಟ. ಆದರೆ ಮಾತಿಗೆ ತೊಡಗಿದೊಡನೆ ಆಕೆಯ ವಿವೇಕ, ಘನತೆ ತಿಳಿದುಬಂದವೆಂದು ಒಪ್ಪಿಕೊಳ್ಳುವಷ್ಟು ಪ್ರಾಮಾಣಿಕನೂ ಹೌದು. ಯೂರೋಪಿನವನ ಪೂರ್ವಗ್ರಹವನ್ನು ಕಳೆದು ಓದಿದರೂ, ನೀರಿನ ಕೆಲಸವನ್ನು ತಾನೇ ನಿಂತು ನೋಡಿಕೊಳ್ಳುವ ಒಡತಿಯೊಬ್ಬಳು ಉಳಿಯುತ್ತಾಳೆ. ನಮ್ಮ ದೃಷ್ಟಿಯಲ್ಲಿ ಈಕೆ ಕುದುರೆಯ ಮೇಲಿನವಳಿಗಿಂತ ಕಡಿಮೆಯವಳಲ್ಲ.

ಈ ಬರೆಹವೇನೂ ಗುಪ್ತವಾಗಿಲ್ಲ. 1664ರ ಇಂಗ್ಲಿಷ್ ಅನುವಾದವನ್ನು ಎಡ್ವರ್ಡ್ ಗ್ರೇ ಪರಿಷ್ಕರಿಸಿ ಹಕ್ಲೂಟ್ ಸೊಸೈಟಿಯ ಮೂಲಕ 1892ರಲ್ಲಿ ಪ್ರಕಟಿಸಿದ ಎರಡು ಸಂಪುಟಗಳು ಅಂತರ್ಜಾಲದಲ್ಲಿ ಬೆಲೆಯಿಲ್ಲದೆ ದೊರೆಯುತ್ತವೆ. ಹೀಗಿದ್ದೂ ಅದು ಮೇಲೆ ಬಾರದಿರುವುದಕ್ಕೆ ಒಂದು ಕಾರಣ ಅಕ್ಷರದಲ್ಲಿದೆ. ದೆಲ್ಲ ವಲ್ಲೆ ಉಳ್ಳಾಲವನ್ನು ‘ಓಲಾಲ’ ಎಂದೂ ರಾಣಿಯನ್ನು ‘ಅಬಗ್ ದೇವಿ ಚೌತ್ರು’ ಎಂದೂ ಬರೆದಿದ್ದಾನೆ. ಇಂದಿನ ಚಿತ್ರದ ಕೆಳಗಾದರೋ ಇಂದಿನ ಕಾಗುಣಿತದಲ್ಲಿಯೇ ಹೆಸರಿರುತ್ತದೆ. ಯಂತ್ರವು ಚಿತ್ರವನ್ನು ಗುರುತಿಸುವುದು ಬಹುಮಟ್ಟಿಗೆ ಅದರ ಸುತ್ತಲಿನ ಶೀರ್ಷಿಕೆ ಹಾಗೂ ಮಾತುಗಳಿಂದ. ಆದುದರಿಂದ ನಾವು ಇಂದು ಬರೆಯುವಂತೆ ಹೆಸರು ಬರೆದವರು ಮೊದಲು ಸಿಕ್ಕುತ್ತಾರೆ, ರಾಣಿಯನ್ನು ನೋಡಿದವನು ಕೊನೆಗೆ.

ಚಿತ್ರವನ್ನೂ ಅಕ್ಷರವನ್ನೂ ಬೆರೆಸುವುದು ಈ ಸೀಮೆಗೆ ಹೊಸತಲ್ಲ. ಮೂಡುಬಿದಿರೆಯಲ್ಲಿ ಉಳಿದುಬಂದ, ಪ್ರಾಕೃತವನ್ನು ಹಳಗನ್ನಡ ಲಿಪಿಯಲ್ಲಿ ಬರೆದ ಧವಳಾ ಮೊದಲಾದ ಸಿದ್ಧಾಂತಗ್ರಂಥಗಳ ತಾಳೆಗರಿಗಳಲ್ಲಿ ಸುಮಾರು 12ನೆಯ ಶತಮಾನದ ವರ್ಣಚಿತ್ರಗಳಿವೆ. ಅಲ್ಲಿ ಬರೆಹ, ಬಣ್ಣಗಳೆರಡೂ ಒಂದೇ ಗರಿಯ ಮೇಲಿರುವುದರಿಂದ ಒಂದರ ಕಾಲವನ್ನು ಇನ್ನೊಂದರಿಂದ ಊಹಿಸಲು ದಾರಿಯಿದೆ. ಶೋಧಪುಟದಲ್ಲಿ 1623ರ ಸಾಲು, 2012ರ ಹಡಗು, ನಿನ್ನೆಯ ಉತ್ಸವದ ವೀಡಿಯೊ ಒಂದೇ ಅಳತೆಯ ಚೌಕಗಳಲ್ಲಿ ಕೂಡುತ್ತವೆ. ಅಧ್ಯಾಪಕರು ವಿದ್ಯಾರ್ಥಿಗಳಿಂದ ಆ ಪುಟದ ಪ್ರತಿಯೊಂದು ಚೌಕಕ್ಕೂ ಅದು ಹುಟ್ಟಿದ ವರ್ಷವನ್ನು ಬರೆಯಿಸಿದರೆ ಒಂದು ಗಂಟೆಯ ಪಾಠ ಅಷ್ಟಕ್ಕೇ ಸಾಲುತ್ತದೆ. ಹಳೆಯ ಕಾಗುಣಿತಗಳ ಪಟ್ಟಿಯೊಂದನ್ನು ಕೈಗಿತ್ತರೆ ಇನ್ನೂ ಲೇಸು.

ಅದೇ ಕಥನದಲ್ಲಿ ರಾಣಿಯ ಎದುರಾಳಿಯಾಗಿ ಬರುವವನು ಆಕೆ ತೊರೆದ ಗಂಡ, ಬಂಗರಾಜ. ಬೆಳ್ತಂಗಡಿ ತಾಲೂಕಿನ ಬಂಗಾಡಿ, ಬಂಟ್ವಾಳ ತಾಲೂಕಿನಲ್ಲಿ ನೇತ್ರಾವತಿಯ ದಡದ ನಂದಾವರ ಇವು ಬಂಗರ ನೆಲೆಗಳು. ಇಕ್ಕೇರಿಯ ವೆಂಕಟಪ್ಪ ನಾಯಕನು ರಾಣಿಯ ಪಕ್ಷ ವಹಿಸಿದುದರಿಂದ ಈ ಮನೆಜಗಳವು ಪೋರ್ಚುಗೀಸರವರೆಗೂ ಮುಟ್ಟಿತು. ನಂದಾವರವೆಂದು ಶೋಧಿಸಿದವರಿಗೆ ದೇವಸ್ಥಾನದ ಚಿತ್ರವೂ ದಾರಿಯ ನಕಾಶೆಯೂ ದೊರೆಯುತ್ತವೆ. ಬಂಗರಾಜನನ್ನು ಕಾಣಬೇಕಾದರೆ ‘ಬಂಘೆಲ್’ ಎಂಬ ದೆಲ್ಲ ವಲ್ಲೆಯ ಕಾಗುಣಿತದಲ್ಲಿಯೇ ಹುಡುಕಬೇಕು.