ಭದ್ರಾವತಿಯ ಕುಲುಮೆ ಕಲಿಸಿದ ಪಾಠ



ಪರಿಸರ ಅಧ್ಯಯನ ಇಂದು ನಿಮಗೊಂದು ಪಠ್ಯವಿಷಯ. ಇದನ್ನು ಶಾಲಾ ಕಾಲೇಜುಗಳಲ್ಲಿ ಕಲಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ ನಿರ್ದೇಶನ ನೀಡಿದ್ದು 1991ರಲ್ಲಿ. ಹಾಗಾದರೆ ಅದಕ್ಕೆ ಮೊದಲೇ ಓದು ಮುಗಿಸಿದ ಹಿರಿಯರು ಈ ವಿದ್ಯೆಯನ್ನು ಎಲ್ಲಿ ಕಲಿತರು? ದುಡಿಮೆಯ ನಡುವೆಯೇ ಕಲಿತರು. ಅಂಥ ಒಂದು ಪಾಠಶಾಲೆ ಭದ್ರಾವತಿ.

ಬೆಂಕಿಪುರವೆಂಬ ಹಳೆಯ ಹೆಸರಿನ ಈ ಊರಿನಲ್ಲಿ, ಭದ್ರಾ ನದಿಯ ದಡದ ಮೈಸೂರು ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು. ಅದಿರು ಕೆಮ್ಮಣ್ಣುಗುಂಡಿಯಿಂದ ಬಂತು. ಕಲ್ಲಿದ್ದಲ ಗಣಿಗಳು ದೂರ. ಸುತ್ತ ಮಲೆನಾಡಿನ ಕಾಡು. ಆದ್ದರಿಂದ ಇದ್ದಿಲೇ ಕುಲುಮೆಯ ಇಂಧನವಾಯಿತು.

ಈಗ ಒಂದು ಲೆಕ್ಕ ಹಾಕಿ. ಒಂದು ಟನ್ ಇದ್ದಿಲಿಗೆ ಸುಮಾರು ನಾಲ್ಕು ಟನ್ ಒಣ ಕಟ್ಟಿಗೆ ಬೇಕು. ಒಂದು ಟನ್ ಕಬ್ಬಿಣಕ್ಕೆ ಹೆಚ್ಚುಕಡಿಮೆ ಒಂದು ಟನ್ ಇದ್ದಿಲು ಬೇಕು. ಕುಲುಮೆ ಹಗಲಿರುಳು ಉರಿದರೆ ಕಾಡಿನ ಗತಿಯೇನು?

1923ರಲ್ಲೇ ಕಾರ್ಖಾನೆಯ ಹೊಣೆ ಹೊತ್ತ ಸರ್ ಎಂ. ವಿಶ್ವೇಶ್ವರಯ್ಯನವರು ಅರುವತ್ತು ದಾಟಿದ್ದರು. ಅಣೆಕಟ್ಟು ಕಟ್ಟಿದ ಇಂಜಿನಿಯರರಿಗೆ ಕಬ್ಬಿಣದ ಉದ್ಯಮ ಹೊಸ ವಿದ್ಯೆ. ಆ ಕಾರ್ಖಾನೆಯಲ್ಲಿ ಕಟ್ಟಿಗೆಯನ್ನು ಭಟ್ಟಿ ಇಳಿಸುವ ಘಟಕವೂ ಇತ್ತು. ಇದ್ದಿಲು ಸುಡುವಾಗ ಹೊಗೆಯಾಗಿ ಹೋಗುತ್ತಿದ್ದುದನ್ನು ಹಿಡಿದು, ಟಾರು ಮತ್ತು ಮೀಥೈಲ್ ಆಲ್ಕೋಹಾಲ್ ಪಡೆಯುತ್ತಿದ್ದರು. ಒಂದರ ಕಸ ಇನ್ನೊಂದರ ಕಚ್ಚಾವಸ್ತುವಾಗಬೇಕು ಎಂಬುದು ಪರಿಸರಸ್ನೇಹಿ ವಿನ್ಯಾಸದ ಮೊದಲ ಸೂತ್ರ. ಆ ಹೆಸರು ಹುಟ್ಟುವ ಮೊದಲೇ ಭದ್ರಾವತಿ ಅದನ್ನು ಬಳಸಿತು.

ಆದರೆ ಅದು ಅರ್ಧ ಪಾಠ ಮಾತ್ರ. ‘ಕಸ ಎಲ್ಲಿಗೆ ಹೋಗುತ್ತದೆ?’ ಎಂದು ಕೇಳಿದ್ದಾಯಿತು. ‘ಕಟ್ಟಿಗೆ ಎಲ್ಲಿಂದ ಬರುತ್ತದೆ, ಎಷ್ಟು ದಿನ ಬರುತ್ತದೆ?’ ಎಂಬ ಪ್ರಶ್ನೆಗೆ ಭಟ್ಟಿಯಲ್ಲಿ ಉತ್ತರವಿರಲಿಲ್ಲ. 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದದ ಕಾರ್ಖಾನೆಯೂ ಕಾಡಿನ ಬಿದಿರನ್ನೇ ನಂಬಿತು. 1950ರ ದಶಕದಲ್ಲಿ ಕಬ್ಬಿಣ ಕರಗಿಸಲು ವಿದ್ಯುತ್ ಕುಲುಮೆಗಳು ಬಂದವು. ಇದ್ದಿಲಿನ ಹೊರೆ ತಗ್ಗಿತು, ನಿಜ. ಆದರೆ ನಾಡಿನ ವಿದ್ಯುತ್ತಿನ ಬೇಡಿಕೆ ಏರುತ್ತಲೇ ಹೋಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಾಗ ಶರಾವತಿ ಕಣಿವೆಯ ಹಳ್ಳಿಗಳು ಮುಳುಗಿದವು, ಜನ ಮನೆಮಠ ಬಿಟ್ಟರು. ಇಂಧನ ಬದಲಾದರೂ ಪ್ರಶ್ನೆ ಮುಗಿಯಲಿಲ್ಲ. ಕಾಡಿನಿಂದ ನದಿಗೆ ಸ್ಥಳ ಬದಲಿಸಿತು.

ನಾಳಿನವರ ಪಾಲನ್ನು ಕಸಿಯದೆ ಇಂದಿನ ಅಗತ್ಯ ಪೂರೈಸಿಕೊಳ್ಳುವುದೇ ಸುಸ್ಥಿರತೆ ಎಂದು ವಿಶ್ವಸಂಸ್ಥೆಯ ಬ್ರಂಟ್‌ಲ್ಯಾಂಡ್ ಆಯೋಗ ಹೇಳಿದ್ದು 1987ರಲ್ಲಿ. ಅದೇ ವರ್ಷ ಭದ್ರಾವತಿಯ ಸಮೀಪದ ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ಮಾತು ಪುಸ್ತಕಕ್ಕೆ ಬರುವ ಹೊತ್ತಿಗೆ ಕುಲುಮೆಗೆ ಅರುವತ್ತನಾಲ್ಕು ವರ್ಷ ತುಂಬಿತ್ತು.

ನಿಮಗೆ ಆ ತಡವಿಲ್ಲ. ಶಿವಮೊಗ್ಗದ ತುಂಗೆಯೂ ಭದ್ರಾವತಿಯ ಭದ್ರೆಯೂ ಕೂಡಲಿಯಲ್ಲಿ ಒಂದಾಗುತ್ತವೆ. ಒಮ್ಮೆ ಅಲ್ಲಿಗೆ ಹೋಗಿ ನಿಲ್ಲಿ. ಎರಡು ಊರುಗಳು ನದಿಗೆ ಬಿಟ್ಟದ್ದು ಸೇರುವುದು ಅಲ್ಲಿಯೇ. ಕಾರ್ಖಾನೆಯಲ್ಲಿ ದುಡಿದ ಹಿರಿಯರು ನಿಮ್ಮ ಮನೆಯಲ್ಲಿದ್ದರೆ ಅವರನ್ನೂ ಕೇಳಿ. ಮುಂದೆ ನೀವು ಮನೆ ಕಟ್ಟಿದರೂ, ಕಾರ್ಖಾನೆ ಕಟ್ಟಿದರೂ ಈ ಎರಡು ಪ್ರಶ್ನೆಗಳನ್ನು ನಕ್ಷೆ ಬರೆಯುವಾಗಲೇ ಕೇಳಿಕೊಳ್ಳಿ: ಇದು ಎಲ್ಲಿಂದ ಬರುತ್ತದೆ? ಎಲ್ಲಿಗೆ ಹೋಗುತ್ತದೆ?